ಒಳಂಬ

ತಿಂಗಳ ಮೂರನೇ ಭಾನುವಾರ ನಮ್ಮ ಗಾಡಿ
ವಾಸ್ಕೋ ದಾಟಿ, ಝುವಾರಿನಗರದ ಏರಿನಲ್ಲಿ
ನೀರಿನ ಟಾಕಿಯ ಪಕ್ಕ ನಿಲ್ಲುತ್ತದೆ.
ಕಾಯ್ತಾನ್ ಚಕ್ರಕ್ಕೆ ಎರಡು ಕಲ್ಲು ಕೊಟ್ಟು
ಹಾರ್ನ್ ಒತ್ತುತ್ತಾನೆ, ಮೀನಿನವನ ಹಾಗೆ, ಪೋಂ ಪೋಂ.
ಮೀನೆಂದು ಬುಟ್ಟಿ ಹಿಡಿದು ಬಂದವರನ್ನೇ
ಮೊದಲು ಕೂರಿಸಿ ರಟ್ಟೆಗೆ ಪಟ್ಟಿ ಸುತ್ತುತ್ತೇವೆ.

ಹೃದಯ ಎಂದು ಗಾಡಿಯ ಮೈಮೇಲೆ
ಮೂರು ಲಿಪಿಯಲ್ಲಿ ಬರೆಸಿದ್ದಾರೆ ಟ್ರಸ್ಟಿನವರು. ಕೆಂಪು ಬಣ್ಣ ಅರ್ಧ ಎದ್ದಿದೆ.
ಇಲ್ಲಿ ಯಾರೂ ಆ ಮಾತು ಆಡುವುದಿಲ್ಲ.
ಎದಿ ಹಿಡದೈತ್ರಿ, ಅನ್ನುತ್ತಾರೆ. ಎದಿಮ್ಯಾಲ ಕಲ್ಲ ಇಟ್ಟಂಗ.
ಎಡಗೈ ಜೋಮು. ಮುಂಜಾನಿಂದ ಬೆವರು.
ಆಮೇಲೆ ತೀರ್ಪನ್ನೂ ತಾವೇ ಕೊಡುತ್ತಾರೆ:
ಗ್ಯಾಸು.

ಗ್ಯಾಸಿಗೆ ಸೋಡಾ, ಗ್ಯಾಸಿಗೆ ಓಂಕಾಳು,
ಗ್ಯಾಸಿಗೆ ಸಂಜೆ ಒಂದು ಲೋಟ ಉರಾಕ್.
ಹುಲಿಗೆವ್ವನ ಗಂಡ ಹೋದ ವರ್ಷ ಗ್ಯಾಸಿನಿಂದಲೇ ಸತ್ತ,
ಬಂದರಿನಲ್ಲಿ ಅದಿರು ತುಂಬುತ್ತ.
ಅವಳೀಗ ನಮ್ಮ ಜೊತೆ. ಸಾಲು ನೋಡಿಕೊಳ್ಳುತ್ತಾಳೆ,
ಗ್ಯಾಸು ಅಂದವರನ್ನು ರಟ್ಟೆ ಹಿಡಿದು ಮುಂದೆ ತರುತ್ತಾಳೆ.
ಡಾಕ್ಟರ್ ರೆಬೆಲೊ ಓದಿದ ಪುಸ್ತಕದಲ್ಲಿ
ಇಲ್ಲದ ಪರೀಕ್ಷೆ ಅದು.

ಆ ದಿನ ತಂದದ್ದು ಯಮನೂರಪ್ಪನನ್ನು.
ಹೆಸರು ಬರೆಯುವಾಗ ನನ್ನ ಪೆನ್ನು ಒಂದು ಗಳಿಗೆ ನಿಂತಿತು.
ನಕ್ಕ: "ದೇವರ ಹೆಸರ್ರೀ ಅದು, ಅಂಜಬ್ಯಾಡ್ರಿ."
ಗಾರೆ ಮೇಸ್ತ್ರಿ. ನಲವತ್ತಾರು ಅಂತ ಅವನು,
ಅರವತ್ತು ಅಂತ ಅವನ ಮೊಣಕಾಲು.
ಹಳೆ ಸೀರೆಯ ಪರದೆ ಎಳೆದು, ಅಂಗಿ ತೆಗೆಸಿ,
ಎದೆಗೂದಲಿನ ಸಿಮೆಂಟು ಒರೆಸಿ ಜೆಲ್ ಹಚ್ಚಿದೆ.
"ಯವ್ವಾ, ಥಣ್ಣಗೈತಿ!"
ಆರು ಬಟ್ಟಲು ಎದೆಗೆ, ನಾಲ್ಕು ಚಿಮಟ ಕೈಕಾಲಿಗೆ.
ಅಲುಗಾಡಬೇಡಿ, ಅಂದೆ.
ಅವನಿಗೆ ಬಾರದ ಕೆಲಸ ಅದೊಂದೇ.

ಗುಲಾಬಿ ಚೌಕುಳಿಯ ಕಾಗದ ಸರಸರ ಬಂತು.
ತಲೆಯೆತ್ತಿ ನೋಡಿದ, ಕಣ್ಣು ಕಿರಿದು ಮಾಡಿ,
ಬೇರೆಯವನು ಕಟ್ಟಿದ ಗೋಡೆ ನೋಡುವ ಹಾಗೆ.
"ವಾಂಕ ಐತಲ್ರಿ ಮೇಡಂ. ಒಳಂಬ ಬಿಟ್ಟಿಲ್ಲೇನು?"
ವಾಂಕೇ ಇರಬೇಕು. ಏರಬೇಕು, ಇಳಿಯಬೇಕು.
"ಸೀದಾ ಬಂದ್ರ?"
ಸೀದಾ ಬಂದರೆ ಕೆಲಸ ಮುಗಿದ ಹಾಗೆ.
ಬಹಳ ಹೊತ್ತು ಸುಮ್ಮನಿದ್ದ,
ಇಪ್ಪತ್ತೆಂಟು ವರ್ಷ ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು
ಸೊಟ್ಟ ಕಂಡದ್ದನ್ನೆಲ್ಲ ಕೆಡವಿ ಕಟ್ಟಿದವನು.

ಆದರೆ ಅವನ ಗೆರೆ
ಇಳಿಯಬಾರದ ಕಡೆ ಇಳಿದಿತ್ತು.
ಡಾಕ್ಟರ್ ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿ
ಬಾಂಬೋಳಿ, ಅಂದರು. ಆಯ್ಚ್.
ಅಷ್ಟು ಕೊಂಕಣಿ ಅವನಿಗೂ ತಿಳಿಯಿತು.
"ಇವತ್ತ ಸ್ಲ್ಯಾಬ್ ಐತ್ರಿ. ನಡುವ ನಿಂತರ ಬಿರಿತೈತಿ."
ಮಾತ್ರೆ ಅಗಿಸಿ ನೀರು ಕೊಟ್ಟೆವು.
ಕಾಯ್ತಾನ್ ಚಕ್ರದ ಕಲ್ಲು ತೆಗೆದ, ಎಂಜಿನ್ ಎಬ್ಬಿಸಿದ.
ನಾನು ಚೀಟಿ ಬರೆದು ತಿರುಗುವಷ್ಟರಲ್ಲಿ
ಪರದೆಯ ಹಿಂದೆ ಜೆಲ್ ಒರೆಸಿದ ಟವೆಲು ಮಾತ್ರ.
ಹುಲಿಗೆವ್ವ ಬರಿಗಾಲಲ್ಲಿ ಏರು ಹತ್ತಿ ಓಡಿದಳು.
ಸಿಗಲಿಲ್ಲ.
ಅಂಥ ಸ್ಲ್ಯಾಬು ಆ ಗುಡ್ಡದ ತುಂಬ.

ಮತ್ತೆ ಮೂರನೇ ಭಾನುವಾರ, ಪೋಂ ಪೋಂ,
ಸಾಲಿನ ಮೊದಲಿಗೇ ಅವನು. ಮಿಂದಿದ್ದ. ಇಸ್ತ್ರಿ ಅಂಗಿ.
ಕಿಸೆಯಿಂದ, ತಂಬಾಕಿನ ಚೀಟಿಗೂ ಆಧಾರ್ ಕಾರ್ಡಿಗೂ ನಡುವಿಂದ
ಅದೇ ಕಾಗದ ತೆಗೆದು, ಮಡಿಕೆ ಬಿಡಿಸಿ, ಹರವಿದ.
ಒಂದು ತಿಂಗಳ ಬೆವರಿಗೆ ಮಾಸಿಹೋಗಿತ್ತು:
ಚೌಕುಳಿ ಇದೆ, ಗೆರೆ ಇಲ್ಲ.
"ವಾಂಕೆಲ್ಲಾ ಹೋಗೈತಿ ನೋಡ್ರಿ," ಅಂದ. ಈ ಸಲ ನಗಲಿಲ್ಲ.
"ಚಲೋನೋ, ಕೆಟ್ಟದೋ?"

ಮಲಕೋ ಅಪ್ಪಾ, ಅಂದೆ.
ಜೆಲ್ ಅಂಗೈಗೆ ಹಾಕಿಕೊಂಡು
ಸ್ವಲ್ಪ ಬೆಚ್ಚಗಾಗಲಿ ಎಂದು ಮುಷ್ಟಿ ಹಿಡಿದೆ.
ಹುಲಿಗೆವ್ವ ಪರದೆಗೆ ಬೆನ್ನು ಕೊಟ್ಟು,
ಕಾಲು ಅಗಲಿಸಿ, ಬಾಗಿಲಿಗಡ್ಡ ನಿಂತಿದ್ದಳು.
ಹೊರಗೆ ಕಾಯ್ತಾನ್ ಆಗಲೇ
ಚಕ್ರದ ಕಲ್ಲು ತೆಗೆಯುತ್ತಿದ್ದ.